ಇಟ್ಟಂಗಿ, ನೊಗ, ಮುಕ್ಕಾಲಿ ಮತ್ತು ಅವ್ವನ ಹೆಬ್ಬೆರಳು

ಯಾವ ರಿಮೋಟು ಕೈಗೆ ಹಿತ ಎಂದು ಯಾರಾದರೂ ಕೇಳಿದರೆ ನಾನು ಯೋಚನೆ ಮಾಡುವುದಿಲ್ಲ, ಹೇಳಿಬಿಡುತ್ತೇನೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಅದು ಬೇರೆ ಮಾತು. ಚಾನಲ್ ಬದಲಿಸುವ ರಿಮೋಟಿನ ಸುದ್ದಿಯಲ್ಲ ಇದು. ಹಳೆಯ ಟಿವಿ ಗೇಮುಗಳಿದ್ದವಲ್ಲ, ಪೆಟ್ಟಿಗೆಯ ನೆತ್ತಿಗೆ ಕ್ಯಾಸೆಟ್ಟು ಒತ್ತಿ, ಓಡದಿದ್ದರೆ ಹೊರಗೆ ತೆಗೆದು ಉಫ್ ಎಂದು ಊದಿ ಮತ್ತೆ ಒತ್ತಿ, ಹೆಬ್ಬೆರಳು ಸವೆಯುವ ತನಕ ಆಡುತ್ತಿದ್ದೆವಲ್ಲ, ಆ ಆಟದ ಕೈಹಿಡಿ. ಪಟ್ಟಣದ ಮಕ್ಕಳು ಅದಕ್ಕೆ ಏನೇನೋ ಇಂಗ್ಲಿಷ್ ಹೆಸರು ಹೇಳುತ್ತಾರೆ. ಸುರಪುರ, ಶಹಾಪುರ, ಯಾದಗಿರಿ, ನಮ್ಮ ಕಡೆ ಎಲ್ಲಿ ಹೋದರೂ ಅದು ರಿಮೋಟೇ.

ಮೊನ್ನೆ ಕಪಾಟು ಒರೆಸುವಾಗ ಅಂಥದ್ದೊಂದು ಕೈಗೆ ಸಿಕ್ಕಿತು. ಬೂದಿ ಬಣ್ಣ, ಉದ್ದನೆಯ ಚೌಕ, ಎಡಕ್ಕೆ ಪ್ಲಸ್ ಗುರುತಿನ ಕರಿ ಗುಂಡಿ, ಬಲಕ್ಕೆ ಎರಡು ಕೆಂಪು ಗುಂಡಿ. ಮೈಗೆಲ್ಲ ತನ್ನದೇ ವೈರು ಸುತ್ತಿಕೊಂಡು ಕೂತಿತ್ತು. ಹಿಡಿದ ಕೂಡಲೇ ಅದರ ಮೂಲೆ ಅಂಗೈಯ ಅದೇ ಹಳೆಯ ಜಾಗಕ್ಕೆ ಚುಚ್ಚಿತು. ಶಾಲೆಯಲ್ಲಿ ಹೊಡೆದ ಮಾಸ್ತರರು ಎಷ್ಟೋ ವರ್ಷದ ಮೇಲೆ ಬಸ್ಸಿನಲ್ಲಿ ಸಿಕ್ಕು ಮತ್ತೆ ಕಿವಿ ಹಿಂಡಿದ ಹಾಗಾಯಿತು. ನಾವು ಇದನ್ನು ಇಟ್ಟಂಗಿ ಎಂದೇ ಕರೆಯುತ್ತಿದ್ದೆವು. ಮಾಡಿದವನು ಮನುಷ್ಯರ ಕೈ ನೋಡಿಯೇ ಇರಲಿಲ್ಲ, ಗೋಡೆ ನೋಡಿ ಮಾಡಿದ್ದ.

ಇದು ನಮ್ಮ ಮನೆಗೆ ಬಂದದ್ದು ಕಾಲುವೆಯ ದೆಸೆಯಿಂದ. ನಮ್ಮೂರು ಕಕ್ಕೇರಾ ಹತ್ತಿರದ ಒಂದು ಹಳ್ಳಿ. ಕಾಲುವೆ ತೋಡುವಾಗ ಅಪ್ಪ ಅದರ ಮಣ್ಣು ಹೊತ್ತ. ನೀರು ಬಿಟ್ಟ ಮೇಲೆ ನಮ್ಮ ಎರಡು ಎಕರೆಗೂ ನೀರು ಬಂತು. ನಮ್ಮದು ಕೊನೆಯ ಹೊಲ, ಆದ್ದರಿಂದ ಎಲ್ಲರದ್ದೂ ಮುಗಿದ ಮೇಲೆ ಬಂತು, ಆದರೂ ಬಂತು. ಅವ್ವ ಕಾಲುವೆ ಕ್ಯಾಂಪಿನಲ್ಲಿ ಒಬ್ಬ ಇಂಜಿನಿಯರರ ಮನೆಯ ಭಾಂಡಿ ತಿಕ್ಕುತ್ತಿದ್ದಳು. ಅವರು ಮೈಸೂರು ಕಡೆಯವರು. ವರ್ಗವಾದಾಗ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಆ ಮನೆಯ ಅಮ್ಮನವರು, "ಮರೆಮ್ಮ, ಇದನ್ನ ನಿನ್ನ ಮಕ್ಕಳಿಗೆ ತಗೊಂಡು ಹೋಗು" ಎಂದು ಒಂದು ಸಣ್ಣ ಟಿವಿಯನ್ನೂ ಗೇಮಿನ ಪೆಟ್ಟಿಗೆಯನ್ನೂ ಕೊಟ್ಟರು. ತಲೆಯ ಮೇಲೆ ಕೊಡ ಕೂರಲಿ ಎಂದು ಹಳೆಯ ಸೀರೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಅವ್ವ ಆ ಸಿಂಬಿಯ ಮೇಲೆ ಟಿವಿ ಇಟ್ಟುಕೊಂಡು, ಕಾಲುವೆಯ ದಂಡೆ ಹಿಡಿದು ನಡೆದು ಬಂದಳು. ಓಣಿಗೆ ಓಣಿಯೇ ಎದ್ದು ನಿಂತು ನೋಡಿತು.

ರಿಮೋಟು ಎರಡಿದ್ದವು. ಆಟ ಸುರು ಮಾಡುವ ಗುಂಡಿ ಮೊದಲನೆಯದರಲ್ಲಿ ಮಾತ್ರ. ಅದು ಯಾರ ಕೈಯಲ್ಲಿ ಇರುತ್ತದೋ ಆ ಮನೆಯ ಆಳ್ವಿಕೆ ಅವರದು. ಹಿರಿಯಳಾದ ನಾನು ಅದನ್ನು ಎಂದೂ ಬಿಡಲಿಲ್ಲ. ತಮ್ಮ ನಾಗಪ್ಪ ಅಳುತ್ತಿದ್ದ. "ಯಕ್ಕಾ, ದಿನಾ ನೀನಽ ಒಂದನೇದು ಹಿಡಿತೀದಿ!" "ನಾ ಸಾಲ್ಯಾಗೂ ಒಂದನೇದಾಕಿ. ನೀ ಹೋಗಿ ಮಗ್ಗಿ ಬರಿ." ಹೀಗೆ ಆಡಿ ಆಡಿ ನನ್ನ ಎರಡೂ ಅಂಗೈಯಲ್ಲಿ ಗುಳ್ಳೆ ಎದ್ದವು. ಅವ್ವ ನನ್ನ ಕೈ ಹಿಡಿದು ನೋಡಿದಳು. ಹತ್ತಿ ಬಿಡಿಸಿ ಬಿಡಿಸಿ ಸೀಳಿದ ತನ್ನ ಬೆರಳನ್ನು ಅದರ ಪಕ್ಕಕ್ಕೆ ಇಟ್ಟಳು. "ನಾ ದುಡದು ಗುಳ್ಳಿ ಎಬ್ಬಿಸ್ಕೋತೀನಿ, ನೀವು ಕುಂತು ಎಬ್ಬಿಸ್ಕೋತೀರಿ. ಭೇಷ್ ಅದ ನನ್ನ ಸಂಸಾರ" ಎಂದಳು. ಬೈದಳೋ ನಕ್ಕಳೋ ತಿಳಿಯಲಿಲ್ಲ. ಅವ್ವನ ಮಾತು ಈಗಲೂ ಹಾಗೇ.

ಮುಂದೆ ಕಾಲೇಜಿಗೆ ಹೋಗುವಾಗ ಶಹಾಪುರದ ಬಸ್ ನಿಲ್ದಾಣದ ಹಿಂದೆ ಒಂದು ಗೇಮಿನ ಅಂಗಡಿಯಿತ್ತು. ಅಲ್ಲಿ ರಿಮೋಟು ಇರಲಿಲ್ಲ. ಎದೆಯೆತ್ತರದ ಪೆಟ್ಟಿಗೆ, ಅದಕ್ಕೆ ತಲೆಯ ಮೇಲೆ ಕೆಂಪು ಗೋಲಿಯಿದ್ದ ಒಂದು ದಾಂಡು. ಟೆಂಪೋ ಗೇರು ಹಾಕಿದ ಹಾಗೆ ಎಳೆದಾಡಬೇಕು. ಹುಡುಗಿಯರು ಅಲ್ಲಿ ಕಾಲಿಡುವ ಪದ್ಧತಿಯಿರಲಿಲ್ಲ. ನಾನು ನಾಗಪ್ಪನನ್ನು ಕಾವಲಿಗೆ ಕರೆದುಕೊಂಡು ಹೋಗಿ, ಒಂದೇ ಒಂದು ಸಲ ಆಡಿ, ಅಂಗಡಿಯವನ ಹಳೆಯ ದಾಖಲೆ ಮುರಿದು ಬಂದೆ. ಎರಡು ದಿನ ರಟ್ಟೆ ಎತ್ತಲು ಆಗಲಿಲ್ಲ. ಪರೀಕ್ಷೆ ಮುಂದಿತ್ತು. ಆ ದಾಂಡಿಗೆ ನಾನು ಹತ್ತಕ್ಕೆ ಮೂರು ಅಂಕ ಕೊಡುತ್ತೇನೆ, ಅದೂ ಗೆದ್ದ ಖುಷಿಗೆ.

ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡುವಷ್ಟು ಸುಲಭವಾಗಿ ಅದು ಬರಲಿಲ್ಲ. ಪ್ರಮಾಣಪತ್ರ ತಂದು ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿನ ಮೂಲೆಗೆ ಬೆರಳು ಇಟ್ಟಳು.

"ಇದೇನ ಇದು, ಹುಳ ಹರದಾಡಿದಂಗ?"

"ದೊಡ್ಡ ಸಾಹೇಬರ ಸಹಿ ಬೇ."

"ಇಷ್ಟಽ? ಇದಕ್ಕ ಸಹಿ ಅಂತಾರೇನು? ಇಷ್ಟಾದ್ರ ನಾನೂ ಮಾಡ್ತೀನಿ ತಗಿ."

ಅಲ್ಲಿಯವರೆಗೆ ಎಲ್ಲದಕ್ಕೂ ಅವ್ವನದು ಹೆಬ್ಬೆಟ್ಟೇ. ನಾನು ಹುಳ ಹರಿದಾಡಲು ಬಿಡಲಿಲ್ಲ. ಪೂರ್ತಿ ಅಕ್ಷರ ಬರೆಯಬೇಕು ಎಂದು ಹಟ ಹಿಡಿದೆ. ಮ, ರೆ, ಮ್ಮ. ಇದ್ದಲಿನಿಂದ ಗೋಡೆಯ ಮೇಲೆ ಬರೆದು ಬರೆದು ಒಂದು ಹತ್ತಿಯ ಬೆಳೆ ಮುಗಿಯುವ ಹೊತ್ತಿಗೆ ಮೊದಲ ಎರಡು ಅಕ್ಷರ ಬಂದವು. ಮೂರನೆಯದರ ಕೆಳಗಿನ ಒತ್ತು ಮಾತ್ರ ಜಾರಿ ಎಲ್ಲೆಲ್ಲೋ ಬೀಳುತ್ತಿತ್ತು. ಕಡೆಗೆ ಅವ್ವನೇ ಉಪಾಯ ಕಂಡುಹಿಡಿದಳು. "ಕೂಸಿಗಿ ನೀರ ಎರಿಯೂ ಮುಂದ ಕಾಲ ಮ್ಯಾಲ ಕುಂಡ್ರಸ್ಕೋತೀವಿ ನೋಡು, ಹಂಗ ಕುಂಡ್ರಸಬೇಕು ಇದನ್ನ." ಅಂದಿನಿಂದ ಒತ್ತು ಕೂತಿತು. ಸಹಿಯ ಜೊತೆಗೆ ನಾನು ಎರಡು ಕಾಯಿದೆಯನ್ನೂ ಕಲಿಸಿದೆ: ಖಾಲಿ ಕಾಗದದ ಮೇಲೆ ಸಹಿ ಮಾಡಬಾರದು, ಓದಿಸಿ ಕೇಳದೆ ಯಾವುದಕ್ಕೂ ಸಹಿ ಮಾಡಬಾರದು. ಅಪ್ಪ ಹೋದ ಮೇಲೆ ಹೊಲ ಅವ್ವನ ಹೆಸರಿಗೆ ಬಂತು, ಅವ್ವ ನೀರು ಬಳಕೆದಾರರ ಸಂಘದ ಸದಸ್ಯೆಯಾದಳು. ಮೊದಲ ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬಂದ ದಿನ ಕೈ ತೊಳೆಯದೆ ಊಟಕ್ಕೆ ಕೂತಳು. ಕೈಗೆ ಮಸಿ ಹತ್ತಿಲ್ಲ, ತೊಳೆಯುವುದು ಏನನ್ನ ಎಂದಳು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಬೇಸಿಗೆಯಲ್ಲಿ ಅವ್ವ ಹೊಲಗಾಲುವೆಯ ಹೂಳು ತೆಗೆಯುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ನಾನು ಕೆಲಸಕ್ಕಿರುವ ಯಾದಗಿರಿಯ ಮನೆಗೆ ಕರೆತಂದೆ. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಹೆಬ್ಬೆರಳು ಮಾತ್ರ ಒಣಗಿದ ಮೆಣಸಿನಕಾಯಿಯ ಹಾಗೆ ಬಾಗಿ ನಿಂತಿತ್ತು. ದಿನಾ ಆಡಿಸಬೇಕು, ಇಲ್ಲದಿದ್ದರೆ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಒಂದು ಸ್ಪಂಜಿನ ಚೆಂಡು ಹಿಂಡಲು ಹೇಳಿದರು. ಅವ್ವ ಎರಡು ಸಲ ಹಿಂಡಿ ಅದನ್ನು ಕಿಟಕಿಯಲ್ಲಿ ಇಟ್ಟಳು.

"ಯಾಕ ಬೇ?"

"ಹಿಂಡಿದ್ರ ಹಾಲ ಬರ್ತದೇನ? ಸುಮ್ನ ಹಿಂಡಾಕ ನನಗ ಹುಚ್ಚ ಹಿಡದದೇನ?"

ಆ ವಾರವೇ ನೀರಿನ ಸಂಘದ ಕಾರ್ಯದರ್ಶಿ ಯಾವುದೋ ಕಚೇರಿ ಕೆಲಸಕ್ಕೆ ಬಂದವರು ಅವ್ವನನ್ನು ಮಾತಾಡಿಸಿ ಹೋಗಲು ಮನೆಗೆ ಬಂದರು. ಪಾಪ, ಒಳ್ಳೆಯ ಮನುಷ್ಯ. ಚಹಾ ಕುಡಿಯುತ್ತ ಹೇಳಿದರು: "ಮರೆಮ್ಮಾ, ತಿಂಗಳ ಕಡೀಗಿ ಸಭಾ ಅದ. ನೀ ಕೇಳಿದ್ದು ಮಂಜೂರಾತು ನೋಡು. ಈ ಸಲ ನೀರಿನ ಪಾಳಿ ಕೊನೀ ಹೊಲದಿಂದ ಸುರು ಮಾಡಬೇಕಂತ ಠರಾವು ಬರಿಯಾಕತ್ತೀವಿ. ನೀ ಏನೂ ಕೈಗಿ ತ್ರಾಸ ಮಾಡ್ಕೋಬ್ಯಾಡ. ಹೆಬ್ಬೆಟ್ಟ ಒತ್ತಿದ್ರ ನಡೀತದ."

ಅವ್ವ "ಹೌದ್ರಿ" ಎಂದಳು. ಅವರು ಹೋದ ಮೇಲೆ ಬಾಗಿದ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದಳು.

"ಅಂವ ತಪ್ಪೇನೂ ಅಂದಿಲ್ಲ. ಆದ್ರ ಸುಜಾತಾ, ಆರು ವರ್ಷ ಸಭಾದಾಗ ಎದ್ದು ನಿಂತು ಕೇಳಿದಾಕಿ ನಾನು. ನನ್ನ ಠರಾವಿಗಿ ನಾನಽ ಹೆಬ್ಬೆಟ್ಟ ಒತ್ತಲೇನು?"

ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಮೂರು ವಾರ ಉಳಿದಿತ್ತು.

ಹೆಬ್ಬೆರಳು ಆಡಿಸುವ ಕೆಲಸ ಯಾವುದು ಎಂದು ಯೋಚಿಸುವಾಗ ನನ್ನ ಅಂಗೈಯ ಹಳೆಯ ಗುಳ್ಳೆಗಳು ನೆನಪಾದವು. ನಾಗಪ್ಪನಿಗೆ ಫೋನು ಹಚ್ಚಿದೆ. ಅವನಿಗೆ ಈಗ ಶಹಾಪುರದಲ್ಲಿ ಟಿವಿ ರಿಪೇರಿ ಅಂಗಡಿ. ಮಂದಿ ಬೇಡವೆಂದು ಬಿಟ್ಟ ಗೇಮುಗಳನ್ನೆಲ್ಲ ಕೂಡಿಹಾಕುವ ಚಟ ಬೇರೆ. ಭಾನುವಾರ ಒಂದು ಗೋಣಿಚೀಲ ಹೊತ್ತು ಬಸ್ಸಿಳಿದ. ಪಡಸಾಲೆಯಲ್ಲಿ ಸುರಿದರೆ ಕೊಯ್ಲಿನ ರಾಶಿ.

ಇಲ್ಲಿ ನನ್ನ ಕಸುಬಿನ ಮಾತು ಹೇಳಬೇಕು. ನಾನು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ಮೂರು ಕಡೆಯಿಂದ ವಿವರ ತರಿಸಿ, ತುಲನಾತ್ಮಕ ಪಟ್ಟಿ ಬರೆದು, ಯಾವುದು ಮೊದಲು ಯಾವುದು ಕಡೆಗೆ ಎಂದು ನಮೂದಿಸಿ, ಕೆಳಗೆ ಮೇಲಧಿಕಾರಿಯ ಸಹಿ ಮಾಡಿಸಬೇಕು. ಪಟ್ಟಿ ಬರೆಯುವುದರಲ್ಲಿ ಇಡೀ ಜಿಲ್ಲೆಯಲ್ಲಿ ನನ್ನ ಸಮ ಯಾರೂ ಇಲ್ಲ. ಕಾಗದ ತೆಗೆದುಕೊಂಡು ಗೆರೆ ಎಳೆದೆ. ಅಂಗೈಗೆ ಇಷ್ಟು, ಹೆಬ್ಬೆರಳಿಗೆ ಇಷ್ಟು, ಮಣಿಕಟ್ಟಿಗೆ ಇಷ್ಟು ಎಂದು ಅಂಕ. ಒಂದೊಂದನ್ನೂ ನಾನೇ ಆಡಿ ನೋಡಿದೆ.

ಮೊದಲ ಸ್ಥಾನ ನೊಗಕ್ಕೆ. ಕರಿ ಬಣ್ಣ, ನಡು ಎತ್ತರ, ಎರಡು ತುದಿ ಕೆಳಗೆ ಬಾಗಿದ್ದು, ಹಿಡಿದರೆ ಅಂಗೈಯೊಳಗೆ ನೀರು ನಿಂತ ಹಾಗೆ ಕೂರುತ್ತದೆ. ಆರು ಗುಂಡಿ, ಹೆಬ್ಬೆರಳು ಹೊರಳಿದಲ್ಲೆಲ್ಲ ಒಂದು ಸಿಗುತ್ತದೆ. ಎರಡನೆಯದು ಕೊಂಬಿಂದು: ಎರಡು ಕೊಂಬು, ನಡುವೆ ಅಣಬೆಯಂಥ ಎರಡು ಸಣ್ಣ ಕಡ್ಡಿ. ಹಿಡಿತ ಗಟ್ಟಿ, ಆದರೆ ಆಟದಲ್ಲಿ ಪೆಟ್ಟು ಬಿದ್ದಾಗ ಗಡಗಡ ನಡುಗುತ್ತದೆ. ಮೂರನೆಯದು ಸಾಬೂನು, ನಾಲ್ಕು ಬಣ್ಣದ ಗುಂಡಿಯದು, ಉಜ್ಜಿ ಉಜ್ಜಿ ಮೂಲೆ ಸವೆದ ಸಾಬೂನಿನ ಹಾಗೆ ನುಣುಪು. ನಾಲ್ಕನೆಯದು ಮುಕ್ಕಾಲಿ, ಮೂರು ಹಿಡಿಕೆ ಇಳಿಬಿಟ್ಟದ್ದು. ಅದನ್ನು ಹಿಡಿಯುವುದು ಹೇಗೆಂದು ತಿಳಿಯುವುದರಲ್ಲಿ ಆಟ ಮುಗಿದಿರುತ್ತದೆ. ಕಡೆಯ ಸ್ಥಾನ ನಮ್ಮ ಮನೆಯದೇ ಆ ಹಳೆಯ ಇಟ್ಟಂಗಿಗೆ. ಷರಾ: 'ಮೂಲೆ ಚುಚ್ಚುತ್ತದೆ. ಶಿಫಾರಸಿಗೆ ಯೋಗ್ಯವಲ್ಲ.'

ಅವ್ವನನ್ನು ಕೂರಿಸಿ ನೊಗ ಕೈಗೆ ಕೊಟ್ಟೆ. ಐದು ನಿಮಿಷಕ್ಕೆ ಕೆಳಗೆ ಇಟ್ಟಳು. ಎತ್ತಿ ಹಿಡಿದು ಮಣಿಕಟ್ಟು ಸಿಡಿಯುತ್ತಿತ್ತು.

"ಯವ್ವಾ, ಎಲ್ಲಾದರಾಗ ಅದಽ ಭೇಷ್ ಅದ. ನಾ ಅಂಕ ಹಾಕಿ ತಗದೀನಿ."

"ನೊಗ ಭೇಷ್ ಅದಂತ ಅಂಕ ಹಾಕಿದಿ. ಎತ್ತಿಗಿ ಕೇಳೀದೇನು?"

ನಾಗಪ್ಪ ಬಿದ್ದು ಬಿದ್ದು ನಕ್ಕ. ಕೊಂಬಿಂದು ಕೊಟ್ಟೆವು. ಅದು ನಡುಗಿದ್ದೇ ತಡ ಅವ್ವ ಚೀರಿ ಒಗೆದಳು. "ಕೈಯಾಗ ಕಪ್ಪಿ ಹಿಡದಂಗ ಆತಲ್ಲೋ ನಾಗ್ಯಾ! ಒಯ್ಯೋ ಅದನ್ನ!" ಸಾಬೂನು ಅವಳ ಸೋತ ಹಿಡಿತದಿಂದ ಜಾರಿ ಜಾರಿ ಬಿತ್ತು. ಮುಕ್ಕಾಲಿ ನೋಡಿ, "ಮನಷಾಗ ಎರಡು ಕೈ, ಇದಕ್ಕ ಮೂರು ಹಿಡಿಕಿ. ಇನ್ನೊಂದು ಯಾರ ಹಿಡೀಬೇಕು, ಬಾಜೂ ಮನಿಯಾಕೀನ ಕರೀಲೇನು?" ಎಂದಳು. ಪಟ್ಟಿ ಮುಗಿಯಿತು. ನನ್ನ ಮುಖ ಸಣ್ಣದಾಯಿತು. ಇಟ್ಟಂಗಿಯನ್ನು ನಾನು ಕೊಡಲೇ ಇಲ್ಲ. ಚೆನ್ನಾಗಿರುವ ಕೈಗೇ ಚುಚ್ಚುವುದು ಮುರಿದ ಕೈಗೆ ಹಿತವಾದೀತೇ? ಡಿಗ್ರಿ ಓದಿದವಳ ತರ್ಕ ಇದು.

ನಾನು ಒಳಗೆ ಅಡಿಗೆಗೆ ಎದ್ದೆ. ಹೊರಗೆ ಬಂದು ನೋಡಿದರೆ ಅವ್ವ ರೊಟ್ಟಿ ಬಡಿಯಲು ಕೂರುವ ಹಾಗೆ ಒಂದು ಮೊಣಕಾಲು ಎತ್ತಿ ನೆಲಕ್ಕೆ ಕೂತಿದ್ದಾಳೆ. ಇಟ್ಟಂಗಿ ಅವಳ ಮುಂದೆ ನೆಲದ ಮೇಲಿದೆ. ಒತ್ತಿದರೆ ನುಣುಪು ಟೈಲ್ಸಿನ ಮೇಲೆ ಸರಿದು ಓಡುತ್ತಿದೆ. ಅವ್ವ ಎದ್ದು ಹೋಗಿ ತನ್ನ ಕೈಚೀಲದಿಂದ ಸಿಂಬಿ ತಂದಳು. ಊರು ಬಿಟ್ಟು ಎಲ್ಲಿಗೆ ಹೋದರೂ ಅದು ಅವಳ ಚೀಲದಲ್ಲಿರುತ್ತದೆ, ನಲ್ಲಿ ನೀರಿನ ಯಾದಗಿರಿಗೆ ಬಂದರೂ. ಸಿಂಬಿ ನೆಲಕ್ಕಿಟ್ಟು, ಇಟ್ಟಂಗಿಯನ್ನು ಅದರ ಮೇಲೆ ಅದುಮಿದಳು. ಅಲುಗಲಿಲ್ಲ. ಎತ್ತುವುದಿಲ್ಲ, ಹಿಡಿಯುವುದಿಲ್ಲ, ಮೇಲಿನಿಂದ ಒತ್ತುವುದಷ್ಟೇ. ಮೂಲೆ ಚುಚ್ಚಲು ಅಂಗೈಯೇ ಅಲ್ಲಿಲ್ಲ. ನೊಗವಾಗಲಿ ಮುಕ್ಕಾಲಿಯಾಗಲಿ ಹಾಗೆ ಚಪ್ಪಟೆ ಕೂರುತ್ತಿರಲಿಲ್ಲ.

ನಾವು ಅಕ್ಕ ತಮ್ಮ ಬಾಯಿ ತೆರೆದು ನೋಡಿದೆವು. ಎಲ್ಲವನ್ನೂ ಕುರ್ಚಿಯಲ್ಲಿ ಕೂತು ಗಾಳಿಯಲ್ಲಿ ಎತ್ತಿ ಹಿಡಿದು ಅಂಕ ಹಾಕಿದ್ದೆ. ಆಡುವವಳು ಹೇಗೆ ಕೂರುತ್ತಾಳೆ ಎಂಬ ಕಾಲಮ್ಮು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಒಂದು ತೊಡಕು ಉಳಿಯಿತು. ಪ್ಲಸ್ ಗುಂಡಿ ಇರುವುದು ಎಡಕ್ಕೆ, ಆಡಿಸಬೇಕಾದದ್ದು ಬಲಗೈ ಹೆಬ್ಬೆರಳು. ಅವ್ವ ತಡಮಾಡದೆ ಇಟ್ಟಂಗಿಯನ್ನು ಉಲ್ಟಾ ತಿರುಗಿಸಿದಳು, ವೈರು ತನ್ನ ಕಡೆಗೆ. ಪ್ಲಸ್ಸು ಬಲಕ್ಕೆ ಬಂತು, ಆದರೆ ಮೇಲಕ್ಕೆ ಒತ್ತಿದರೆ ಟಿವಿಯಲ್ಲಿ ಟ್ಯಾಂಕು ಕೆಳಗೆ ಹೋಗತೊಡಗಿತು.

"ಲೇ ನಾಗ್ಯಾ, ಇದು ನಿನ್ನಂಗಽ ಅದ. ಹೇಳಿದ್ದಕ್ಕ ಉಲ್ಟಾ ಮಾಡ್ತದ."

ನಾಗಪ್ಪ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಇಟ್ಟಂಗಿ ಬಿಚ್ಚಿ, ನಾಲ್ಕು ತಂತಿ ಅದಲು ಬದಲು ಮಾಡಿ ಬೆಸೆದು, ಮತ್ತೆ ಮುಚ್ಚಿ ಸಿಂಬಿಯ ಮೇಲಿಟ್ಟ. "ಒತ್ತು ಬೇ ಈಗ." ಟ್ಯಾಂಕು ಹೇಳಿದ ಕಡೆ ಹೋಯಿತು.

ಆ ಟ್ಯಾಂಕಿನ ಆಟ ನಿಮಗೆ ನೆನಪಿರಬಹುದು. ನಮ್ಮ ಗೂಡು ಪರದೆಯ ತಳದಲ್ಲಿ, ವೈರಿಗಳು ಬರುವುದೆಲ್ಲ ಮೇಲಿನಿಂದ. ಅವ್ವನಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. "ಬಂದಾ ನೋಡು ಮ್ಯಾಲಿನ ಹೊಲದಾಂವ! ಒಡ್ಡು ಒಡದಾ! ಏ ಭಾಡ್ಯಾ, ನಿಂದು ತುಂಬಿಲ್ಲೇನೋ ಇನ್ನಾ?" ಎಂದು ಬೈಯುತ್ತ ಬೆರಳು ಮೇಲೆ ಕೆಳಗೆ ಅಡ್ಡಡ್ಡ ಆಡಿಸಿದಳು. ಮೊದಲ ದಿನ ನೋವಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕನೇ ದಿನ ನಾನು ಕಚೇರಿಯಿಂದ ಬಂದರೆ, "ಚಹಾ ನೀನಽ ಮಾಡ್ಕೋ, ನೀರ ಬಂದಾವ, ನಾ ಏಳಂಗಿಲ್ಲ" ಎಂದಳು. ಎರಡು ವಾರದಲ್ಲಿ ಹೆಬ್ಬೆರಳು ತೋರುಬೆರಳಿನ ತುದಿ ಮುಟ್ಟಿತು.

ಸಹಿ ಮಾತ್ರ ಮಾಡಿ ತೋರಿಸಲಿಲ್ಲ. ಪೆನ್ನು ಹಾಳೆ ಮುಂದಿಟ್ಟು ಎಷ್ಟು ಬೇಡಿದರೂ ಕೇಳಲಿಲ್ಲ.

"ಖಾಲಿ ಕಾಗದದ ಮ್ಯಾಲ ಸಹಿ ಮಾಡಬಾರ್ದಂತ ಕಲಿಸಿದಾಕಿ ಯಾರು?"

"ಅದು ಬ್ಯಾರೆ ಮಂದಿ ಕೊಟ್ಟಾಗ ಬೇ. ನಾ ನಿನ್ನ ಮಗಳು."

"ಕಾಯಿದೆ ಅಂದ್ರ ಕಾಯಿದೆ."

ಅಂಜಿಕೆಯೇ ಇತ್ತು ಅವಳಿಗೆ, ನನಗೆ ಗೊತ್ತು. ಬರದೆ ಹೋದರೆ ಅದನ್ನು ನಾನು ನೋಡುವುದು ಅವಳಿಗೆ ಬೇಕಿರಲಿಲ್ಲ. ಆದ್ದರಿಂದ ಸಭೆಯ ದಿನ ರಜೆ ಹಾಕಿ ಅವಳ ಜೊತೆ ಬಸ್ಸು ಹತ್ತಿದಾಗ ಆ ಕೈ ಏನು ಮಾಡೀತೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ದಾರಿಯುದ್ದಕ್ಕೂ ಅವಳ ಹೆಬ್ಬೆರಳು ಮಡಿಲಲ್ಲಿ ಆಡುತ್ತಲೇ ಇತ್ತು.

ಸಭೆ ಶಾಲೆಯ ಕೋಣೆಯಲ್ಲಿ. ಕಾರ್ಯದರ್ಶಿಗಳು ಠರಾವು ಓದಿದರು. ಮೇಲಿನ ಹೊಲದವರು ಒಂದಿಷ್ಟು ಗೊಣಗಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಸಹಿ ಮಾಡಿದರು. ಅವ್ವನ ಪಾಳಿ ಬಂತು. ಕಾರ್ಯದರ್ಶಿಗಳು ತ್ರಾಸ ಆಗದಿರಲಿ ಎಂದು ಮೊದಲೇ ಮಸಿಯ ಡಬ್ಬಿ ತೆರೆದು ಅವಳ ಮುಂದೆ ಸರಿಸಿದರು. ಅವ್ವ ಅದನ್ನು ನೋಡಿದಳು. ಹೆಬ್ಬೆರಳಿನಿಂದಲೇ ಅದರ ಮುಚ್ಚಳ ಒತ್ತಿ ಮುಚ್ಚಿದಳು.

"ಮುಚ್ಚಿಡ್ರಿ ಅದನ್ನ. ಸುಮ್ನ ಆರಿ ಹೋಗ್ತದ."

ಪೆನ್ನು ತೆಗೆದುಕೊಂಡಳು. ಮ ಬಂತು. ರೆ ಬರುವಷ್ಟರಲ್ಲಿ ಹಿಂದೆ ನಿಂತವರಲ್ಲಿ ಒಬ್ಬ ಕೆಮ್ಮಿದ. ಅವ್ವ ತಿರುಗಲಿಲ್ಲ. ಮೂರನೆಯ ಅಕ್ಷರದ ಮೇಲ್ಭಾಗ ಮುಗಿಸಿ ಪೆನ್ನು ಎತ್ತಿ ಉಸಿರು ಬಿಟ್ಟು, ಕೂಸನ್ನು ಕೂರಿಸಿದಳು. ಕೂಸು ಸ್ವಲ್ಪ ಬಲಕ್ಕೆ ವಾಲಿತ್ತು. ಬೀಳಲಿಲ್ಲ.

ಮರುದಿನ ಯಾದಗಿರಿಯಲ್ಲಿ ಇಟ್ಟಂಗಿಯೊಂದನ್ನು ಕಪಾಟಿಗೆ ಸೇರಿಸಿ, ಉಳಿದ ರಿಮೋಟು ಚೀಲಕ್ಕೆ ತುಂಬುವಾಗ ನನ್ನ ಪಟ್ಟಿ ಕೆಳಗೆ ಬಿತ್ತು. "ಅದೇನು, ಓದು" ಎಂದಳು ಅವ್ವ. ಓದಿದೆ. ಇಟ್ಟಂಗಿಯ ಷರಾ ಬಂದಾಗ ಕೈ ಎತ್ತಿ ತಡೆದಳು.

"ತಪ್ಪ ಬರದೀ. ತಿದ್ದು."

"ತಿದ್ದಿದ್ರ ಆ ಜಾಗಾದಾಗೂ ದೊಡ್ಡವರ ಸಹಿ ಬೇಕಾಗ್ತದ ಬೇ. ಕೆಳಗೊಂದು, ಅಲ್ಲೊಂದು."

"ಎರಡೂ ಕಡೀ ಮಾಡ್ತೀನಿ, ತಾ ಇಲ್ಲಿ. ಈ ಕಾಗದ ಖಾಲಿ ಇಲ್ಲಲ್ಲ."

ಇಟ್ಟಂಗಿಯ ಮುಂದಿನ ಐದನ್ನು ಹೊಡೆದು ಒಂದು ಎಂದು ಬರೆದೆ. ಷರಾ ಅಳಿಸಿ 'ಸಿಂಬಿಯ ಸಮೇತ' ಎಂದು ಸೇರಿಸಿದೆ. ಅವ್ವ ತಿದ್ದಿದಲ್ಲಿ ಒಂದು ಸಹಿ ಮಾಡಿದಳು, ಕೆಳಗೆ ಇನ್ನೊಂದು. ನೊಗವೇ ಕೈಗೆ ಹಿತ ಎಂದು ನನ್ನ ಕೈ ಈಗಲೂ ಹೇಳುತ್ತದೆ. ಆದರೆ ಮೇಲಧಿಕಾರಿಯ ಸಹಿ ಬಿದ್ದ ಪಟ್ಟಿಯನ್ನು ಗುಮಾಸ್ತೆ ಮುಟ್ಟುವಂತಿಲ್ಲ. ಅದೂ ಅಲ್ಲದೆ, ಎರಡನೆಯ ಸಹಿಯಲ್ಲಿ ಕೂಸು ನೆಟ್ಟಗೆ ಕೂತಿತ್ತು.